ಸರ್ವರ್‌ಗಳ ಪಾಲನೆಯೂ ಬರೆದಿಟ್ಟ ಕ್ರಮವೂ



ನಮ್ಮ ಶಾಲೆಯಲ್ಲಿ ಕಲಿತು ಹೋದ ಹೆಣ್ಣುಮಕ್ಕಳಲ್ಲಿ ಹಲವರು ಈಗ ಗಣಕಯಂತ್ರಗಳ ಉದ್ಯೋಗದಲ್ಲಿರುತ್ತಾರೆ. ಅವರ ತಂದೆತಾಯಿಗಳು ನಮ್ಮನ್ನು ಕಂಡಾಗ, "ಮಗಳು ಸರ್ವರ್‌ಗಳನ್ನು ನೋಡಿಕೊಳ್ಳುತ್ತಾಳೆ" ಎಂದಷ್ಟೇ ಹೇಳಿ, ಮುಂದೆ ವಿವರಿಸಲಾರದೆ ಸುಮ್ಮನಾಗುವುದುಂಟು. ಆಕೆಯು ಕೆಲವೊಮ್ಮೆ ನಡುರಾತ್ರಿಯಲ್ಲಿ ಎದ್ದು ಯಂತ್ರದ ಮುಂದೆ ಕುಳಿತುಕೊಳ್ಳುವಳೆಂದೂ, ಏಕೆಂದು ಕೇಳಿದರೆ "ಒಂದು ಪ್ಯಾಕೇಜ್ ಅಪ್‌ಡೇಟ್ ಮಾಡಬೇಕಮ್ಮಾ" ಎಂದು ಉತ್ತರ ಕೊಡುವಳೆಂದೂ ಅವರು ಹೇಳುತ್ತಾರೆ. ಈ ಪ್ಯಾಕೇಜ್ ಎಂಬುದೇನು, ಅದಕ್ಕಾಗಿ ನಿದ್ದೆಗೆಡುವುದೇಕೆ, ಈ ಶ್ರಮವನ್ನು ತಗ್ಗಿಸುವ ಉಪಾಯವಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರವಾಗಿ ಈ ಪಾಠವನ್ನು ಬರೆದಿರುತ್ತೇವೆ. ಈ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿನಿಯರಿಗೆ ಇದರಲ್ಲಿ ಹೊಸತು ಹೆಚ್ಚಿರಲಾರದು; ಆದರೂ ತಿಳಿದ ವಿಷಯವನ್ನು ಕ್ರಮವಾಗಿ ಮತ್ತೊಮ್ಮೆ ಓದುವುದರಿಂದ ನಷ್ಟವಿಲ್ಲ.

೧. ಸರ್ವರ್ ಎಂದರೇನು? ಪ್ಯಾಕೇಜ್ ಎಂದರೇನು?

ಸರ್ವರ್ ಎಂಬುದು ಸಹ ಒಂದು ಗಣಕಯಂತ್ರವೇ. ಆದರೆ ಅದರ ಮುಂದೆ ಸಾಮಾನ್ಯವಾಗಿ ಯಾರೂ ಕುಳಿತಿರುವುದಿಲ್ಲ. ಅದು ಎಲ್ಲಿಯೋ ದೂರದಲ್ಲಿ, ತಂಪಾಗಿರಿಸಿದ ಕೋಣೆಯೊಳಗೆ ಹಗಲಿರುಳೂ ನಡೆಯುತ್ತಾ, ಹೊರಗಿನಿಂದ ಬರುವ ಕೋರಿಕೆಗಳಿಗೆ ಉತ್ತರ ಕೊಡುತ್ತಿರುತ್ತದೆ. ತಾವು ಮೊಬೈಲ್ ಫೋನಿನಲ್ಲಿ ಬ್ಯಾಂಕಿನ ಲೆಕ್ಕವನ್ನು ನೋಡುವಾಗಲೂ, ರೈಲಿನ ಟಿಕೆಟನ್ನು ಕಾದಿರಿಸುವಾಗಲೂ, ಮಕ್ಕಳ ಪರೀಕ್ಷೆಯ ಫಲಿತಾಂಶವನ್ನು ಹುಡುಕುವಾಗಲೂ ಉತ್ತರ ಕೊಡುವವು ಇಂಥ ಯಂತ್ರಗಳೇ. ಬಹು ಜನರಿಗೆ ಒಂದೇ ಯಂತ್ರವು ಸಾಲದ ಕಾರಣ ಸಂಸ್ಥೆಗಳು ಹತ್ತು, ನೂರು, ಕೆಲವು ಕಡೆ ಸಾವಿರಾರು ಸರ್ವರ್‌ಗಳನ್ನು ಇಟ್ಟುಕೊಂಡಿರುತ್ತವೆ.

ಯಂತ್ರವು ಏನು ಮಾಡಬೇಕೆಂಬುದನ್ನು ತಿಳಿಸುವ ಆಜ್ಞೆಗಳ ಸಮೂಹಕ್ಕೆ ಸಾಫ್ಟ್‌ವೇರ್ ಎಂದು ಹೆಸರು. ಲಿನಕ್ಸ್ ವ್ಯವಸ್ಥೆಯುಳ್ಳ ಸರ್ವರ್‌ಗಳಲ್ಲಿ ಸಾಫ್ಟ್‌ವೇರನ್ನು ಬಿಡಿಬಿಡಿಯಾಗಿ ಹಾಕದೆ ಗಂಟುಗಳಾಗಿ ಕಟ್ಟಿ ಒದಗಿಸುವರು. ಈ ಗಂಟೇ ಪ್ಯಾಕೇಜ್. ಪ್ರತಿಯೊಂದು ಗಂಟಿಗೂ ಒಂದು ಚೀಟಿಯನ್ನು ಅಂಟಿಸಿದ್ದಾರೆಂದು ಭಾವಿಸಿರಿ. ಅದರಲ್ಲಿ ಪ್ಯಾಕೇಜಿನ ಹೆಸರು, ಅದು ಎಷ್ಟನೆಯ ಆವೃತ್ತಿಯದು, ಅದು ಕೆಲಸ ಮಾಡಬೇಕಾದರೆ ಬೇರೆ ಯಾವ ಪ್ಯಾಕೇಜುಗಳು ಇರಬೇಕು ಎಂಬ ವಿವರಗಳಿರುತ್ತವೆ. ಸಾರಿಗೆ ಸಾರಿನ ಪುಡಿ ಬೇಕು. ಪುಡಿಗೆ ಕೊತ್ತಂಬರಿ, ಮೆಣಸು, ಜೀರಿಗೆ ಬೇಕು. ಹಾಗೆಯೇ ಒಂದು ಪ್ಯಾಕೇಜು ಮತ್ತೊಂದನ್ನೂ, ಅದು ಇನ್ನೊಂದನ್ನೂ ಅವಲಂಬಿಸಿರುತ್ತದೆ. ೧೯೯೩ರಲ್ಲಿ ಇಯಾನ್ ಮರ್ಡಾಕ್ ಎಂಬವರು ಆರಂಭಿಸಿದ ಡೆಬಿಯನ್ ಎಂಬ ವ್ಯವಸ್ಥೆಯಲ್ಲಿ ಆಪ್ಟ್ ಎಂಬ ಸಲಕರಣೆಯೂ, ರೆಡ್ ಹ್ಯಾಟ್ ವರ್ಗದ ವ್ಯವಸ್ಥೆಗಳಲ್ಲಿ ಡಿಎನ್‌ಎಫ್ ಎಂಬ ಸಲಕರಣೆಯೂ ಈ ಚೀಟಿಗಳನ್ನು ಓದಿ, ಬೇಕಾದುದೆಲ್ಲವನ್ನೂ ಉಗ್ರಾಣದಿಂದ ತಂದು ಒದಗಿಸುತ್ತವೆ.

ಹೀಗೆ ಒಮ್ಮೆ ಹಾಕಿದ ಪ್ಯಾಕೇಜನ್ನು ಪುನಃ ಮುಟ್ಟುವುದೇಕೆಂದು ಕೇಳಬಹುದು. ಏಕೆಂದರೆ, ಮನುಷ್ಯರು ಬರೆದ ಸಾಫ್ಟ್‌ವೇರಿನಲ್ಲಿ ದೋಷಗಳು ಅಡಗಿರುವುದು ಸಹಜ. ಓಪನ್‌ಎಸ್‌ಎಸ್‌ಎಲ್ ಎಂಬ ಪ್ಯಾಕೇಜು ಜಾಲದಲ್ಲಿ ಸಾಗುವ ಮಾತನ್ನು ಗುಟ್ಟಾಗಿಡುವುದಕ್ಕೋಸ್ಕರ ಇರುವಂಥದು. ಅದರಲ್ಲಿ ಎರಡು ವರ್ಷಗಳಿಂದ ಯಾರ ಕಣ್ಣಿಗೂ ಬೀಳದಿದ್ದ ಒಂದು ದೋಷವು ೨೦೧೪ರ ಏಪ್ರಿಲ್ ೭ರಂದು ಪ್ರಕಟವಾಯಿತು. ಅದಕ್ಕೆ ಹಾರ್ಟ್‌ಬ್ಲೀಡ್ ಎಂದು ಹೆಸರಿಟ್ಟರು. ಗುಟ್ಟನ್ನು ಕಾಯಬೇಕಾದ ಯಂತ್ರವೇ ತನ್ನ ನೆನಪಿನಲ್ಲಿದ್ದ ಗುಪ್ತಪದಗಳನ್ನೂ ಬೀಗದ ಕೈಗಳನ್ನೂ ಕೇಳಿದವರಿಗೆ ಸ್ವಲ್ಪಸ್ವಲ್ಪವಾಗಿ ಕೊಟ್ಟುಬಿಡುವ ಹಾಗಾಗಿತ್ತು. ದೋಷ ತಿದ್ದಿದ ಆವೃತ್ತಿಯು ಅದೇ ದಿನ ದೊರೆಯಿತು. ಆದರೆ ಅದನ್ನು ತಂದು ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮೊದಲೇ ನಡೆಯುತ್ತಿದ್ದ ಕಾರ್ಯಕ್ರಮವು ಹಳೆಯ ಪ್ರತಿಯನ್ನೇ ನೆನಪಿನಲ್ಲಿ ಹಿಡಿದುಕೊಂಡಿರುವ ಕಾರಣ, ಅದನ್ನು ನಿಲ್ಲಿಸಿ ಮರಳಿ ಆರಂಭಿಸುವ ತನಕ ಹೊಸ ಪ್ಯಾಕೇಜು ಇದ್ದೂ ಇಲ್ಲದಂತೆಯೇ ಸರಿ. ಸೋರಿಹೋಗಿರಬಹುದಾದ ಬೀಗದ ಕೈಗಳನ್ನು ಸಹ ಬದಲಾಯಿಸಬೇಕಾಯಿತು.

೨. ಕೈಯಿಂದ ಮಾಡುವ ಕೆಲಸದ ಮಿತಿ

ಸರ್ವರ್ ಒಂದೇ ಇದ್ದರೆ ಪಾಲಕಿಯು ಅದರೊಳಗೆ ಪ್ರವೇಶಿಸಿ, ಆಜ್ಞೆಯನ್ನು ಟೈಪು ಮಾಡಿ, ಸೇವೆಯನ್ನು ಮರಳಿ ಆರಂಭಿಸಿ, ಸರಿಯಾಯಿತೋ ಎಂದು ನೋಡಿ ಹೊರಗೆ ಬರುವಳು. ಅರುವತ್ತು ಸರ್ವರ್‌ಗಳಿದ್ದರೆ ಇದನ್ನೇ ಅರುವತ್ತು ಸಲ ಮಾಡಬೇಕು. ಇಪ್ಪತ್ತಮೂರನೆಯದರಲ್ಲಿದ್ದಾಗ ಫೋನು ಬಾರಿಸುತ್ತದೆ. ಮಾತು ಮುಗಿಸಿ ಬಂದವಳು ಇಪ್ಪತ್ತನಾಲ್ಕನೆಯದಕ್ಕೆ ಹೋಗುವಳು. ನಾಲ್ವತ್ತೊಂದನೆಯದರಲ್ಲಿ ಡಿಸ್ಕಿನ ಜಾಗ ತುಂಬಿ ಕೆಲಸವು ಅರ್ಧಕ್ಕೆ ನಿಲ್ಲುತ್ತದೆ. ಆಮೇಲೆ ನೋಡೋಣವೆಂದು ಮುಂದುವರಿಯುವಳು. ಇದು ಸೋಮಾರಿತನವಲ್ಲ. ಒಂದೇ ಪಾಠವನ್ನು ಅರುವತ್ತು ಸಲ ನಕಲು ಮಾಡಿದ ಯಾವ ಜಾಣ ಹುಡುಗಿಯ ಪುಸ್ತಕದಲ್ಲಿಯಾದರೂ ಒಂದು ಅಕ್ಷರ ಬಿಟ್ಟುಹೋಗಿರುವುದು. ಹೀಗೆ ವರ್ಷ ಕಳೆಯುವಷ್ಟರಲ್ಲಿ, ಒಂದೇ ದಿನ ಒಂದೇ ರೀತಿಯಾಗಿ ಸಿದ್ಧಪಡಿಸಿದ ಯಂತ್ರಗಳಲ್ಲಿ ಯಾವ ಎರಡೂ ಒಂದರಂತೆ ಇನ್ನೊಂದು ಇರುವುದಿಲ್ಲ.

ಇಂಥ ಒಂದು ಬಿಟ್ಟುಹೋಗುವಿಕೆಯ ಬೆಲೆಯೆಷ್ಟೆಂಬುದನ್ನು ಅಮೇರಿಕೆಯ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರದ ಸಂಸ್ಥೆಯು ೨೦೧೨ರಲ್ಲಿ ಅನುಭವಿಸಿತು. ಗಿರಾಕಿಗಳ ಬೇಡಿಕೆಗಳನ್ನು ಷೇರು ಪೇಟೆಗೆ ಕಳುಹಿಸುವ ಎಂಟು ಸರ್ವರ್‌ಗಳು ಅದಕ್ಕಿದ್ದವು. ಆಗಸ್ಟ್ ೧ರಿಂದ ಬಳಕೆಗೆ ಬರಬೇಕಾದ ಹೊಸ ಸಾಫ್ಟ್‌ವೇರನ್ನು ಅವುಗಳಲ್ಲಿ ಹಾಕಬೇಕಾಗಿತ್ತು. ಕೆಲಸಗಾರನೊಬ್ಬನು ಏಳರಲ್ಲಿ ಹಾಕಿದನು, ಎಂಟನೆಯದರಲ್ಲಿ ಹಾಕಲಿಲ್ಲ. ಎರಡನೆಯವನೊಬ್ಬನು ನೋಡಬೇಕೆಂಬ ಲಿಖಿತ ನಿಯಮವಿರಲಿಲ್ಲ, ಯಾರೂ ನೋಡಲಿಲ್ಲ. ಆ ಎಂಟನೆಯ ಯಂತ್ರದಲ್ಲಿ ೨೦೦೩ರಿಂದ ಉಪಯೋಗದಲ್ಲಿಲ್ಲದ ಹಳೆಯ ಭಾಗವೊಂದು ಮಲಗಿತ್ತು. ಹೊಸ ಸಾಫ್ಟ್‌ವೇರು ಬಳಸಿದ ಗುರುತೂ ಆ ಹಳೆಯ ಭಾಗವನ್ನು ಎಬ್ಬಿಸುವ ಗುರುತೂ ಒಂದೇ ಆಗಿದ್ದ ಕಾರಣ, ಬೆಳಿಗ್ಗೆ ಪೇಟೆ ತೆರೆದ ಕೂಡಲೆ ಅದು ಎದ್ದು, ನಿಲ್ಲದೆ ಕೊಳ್ಳುವ ಮತ್ತು ಮಾರುವ ಆಜ್ಞೆಗಳನ್ನು ಕಳುಹಿಸಲಾರಂಭಿಸಿತು. ಪೇಟೆ ತೆರೆಯುವುದಕ್ಕೆ ಮೊದಲೇ ದೋಷವನ್ನು ಸೂಚಿಸುವ ೯೭ ಈಮೇಲ್‌ಗಳು ಸಂಸ್ಥೆಯೊಳಗೆ ತಾವಾಗಿಯೇ ಹೋಗಿದ್ದವು. ಅವನ್ನು ಎಚ್ಚರಿಕೆಯೆಂದು ಯಾರೂ ಎಣಿಸಲಿಲ್ಲ. ಗಾಬರಿಯಲ್ಲಿ ಕೆಲಸಗಾರರು, ಸರಿಯಾಗಿದ್ದ ಏಳು ಯಂತ್ರಗಳಿಂದ ಹೊಸ ಸಾಫ್ಟ್‌ವೇರನ್ನು ತೆಗೆದುಬಿಟ್ಟರು. ಅದರಿಂದ ಕೇಡು ಮತ್ತಷ್ಟು ಹೆಚ್ಚಿತು. ಸುಮಾರು ೪೫ ನಿಮಿಷಗಳಲ್ಲಿ ೪೬ ಕೋಟಿ ಡಾಲರಿಗಿಂತ ಅಧಿಕ ನಷ್ಟವಾಯಿತು. ಮರುವರ್ಷ ಆ ಸಂಸ್ಥೆಯು ಮತ್ತೊಂದರೊಡನೆ ಸೇರಿಹೋಯಿತು.

ಆ ಕೆಲಸಗಾರನ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಎಂಟು ಯಂತ್ರಗಳೂ ಹೇಗಿರಬೇಕೆಂದು ಬರೆದಿಟ್ಟು, ಹಾಗಿವೆಯೋ ಇಲ್ಲವೋ ಎಂದು ತಾನಾಗಿ ಪರೀಕ್ಷಿಸುವ ಏರ್ಪಾಡು ಇದ್ದಿದ್ದರೆ, ಮರೆವು ಮರೆವಾಗಿಯೇ ಉಳಿದು ಅನಾಹುತವಾಗುತ್ತಿರಲಿಲ್ಲ.

೩. ಪಟ್ಟಿಯ ಮಹತ್ವ

ಎರಡನೆಯ ನಿದರ್ಶನವು ಜನಸಾಮಾನ್ಯರಿಗೆ ಇನ್ನೂ ಹತ್ತಿರದ್ದು. ಈಕ್ವಿಫ್ಯಾಕ್ಸ್ ಎಂಬುದು ಅಮೇರಿಕೆಯಲ್ಲಿ ಜನರ ಸಾಲದ ಚರಿತ್ರೆಯನ್ನು ಸಂಗ್ರಹಿಸುವ ಸಂಸ್ಥೆ. ಅದು ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ಎಂಬ ಸಾಫ್ಟ್‌ವೇರಿನ ಒಂದು ದೋಷವೂ ಅದರ ತಿದ್ದುಪಡಿಯೂ ೨೦೧೭ರ ಮಾರ್ಚಿಯಲ್ಲಿ ಪ್ರಕಟವಾದವು. ೪೮ ಗಂಟೆಗಳೊಳಗೆ ತಿದ್ದುಪಡಿ ಮಾಡತಕ್ಕದ್ದೆಂದು ಸಂಸ್ಥೆಯೊಳಗೆ ಪತ್ರವೂ ಹೋಯಿತು. ಆದರೆ ಪತ್ರ ಕಳುಹಿಸುವ ಹೆಸರುಗಳ ಪಟ್ಟಿಯು ಹಳೆಯದಾಗಿದ್ದುದರಿಂದ, ಮಾಡಬೇಕಾದವರ ಕೈಗೆ ಅದು ಸೇರಲಿಲ್ಲ. ಬಳಿಕ ನಡೆಸಿದ ಶೋಧನೆಯು ಸಹ ಆ ಸರ್ವರನ್ನು ಕಂಡುಹಿಡಿಯಲಿಲ್ಲ. ಮೇ ತಿಂಗಳಿಂದ ಜುಲೈಯ ಕೊನೆಯ ತನಕ ಕಳ್ಳರು ಅದೇ ಬಾಗಿಲಿನಿಂದ ಒಳಹೊಕ್ಕು, ಸುಮಾರು ೧೪ ಕೋಟಿ ೭೦ ಲಕ್ಷ ಜನರ ಹೆಸರು, ಜನ್ಮದಿನ, ಗುರುತಿನ ಸಂಖ್ಯೆ ಮುಂತಾದವುಗಳನ್ನು ಕೊಂಡುಹೋದರು.

ತಿದ್ದುಪಡಿಯು ಇತ್ತು, ಮಾಡಬೇಕೆಂಬ ಆಜ್ಞೆಯೂ ಇತ್ತು, ಯಾವ ಯಂತ್ರದಲ್ಲಿ ಯಾವ ಪ್ಯಾಕೇಜು ಇದೆ, ಅದನ್ನು ನೋಡಿಕೊಳ್ಳುವವರು ಯಾರು ಎಂಬ ನಿಜವಾದ ಪಟ್ಟಿ ಮಾತ್ರ ಇರಲಿಲ್ಲ. ಆದುದರಿಂದ ಸರ್ವರ್‌ಗಳ ಪಾಲನೆಯಲ್ಲಿ ಮೊದಲನೆಯ ಪಾಠವು ಪಟ್ಟಿಯೇ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗಿಯು ತರಗತಿಗೆ ಬಂದಳೋ ಇಲ್ಲವೋ ಎಂದು ಯಾವ ಉಪಾಧ್ಯಾಯಿನಿಯೂ ಹೇಳಲಾರಳು.

೪. ಬರೆದಿಟ್ಟ ಕ್ರಮ

ಈ ತೊಡಕುಗಳನ್ನು ನಿವಾರಿಸಲು ಹುಟ್ಟಿದ ಸಲಕರಣೆಗಳೇ ಕಾನ್ಫಿಗರೇಶನ್ ಆಟೋಮೇಶನ್ ಸಲಕರಣೆಗಳು. ೧೯೯೩ರಲ್ಲಿ ನಾರ್ವೆ ದೇಶದ ಓಸ್ಲೋ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಬರ್ಜಸ್ ಎಂಬ ಭೌತಶಾಸ್ತ್ರಜ್ಞರು ತಮ್ಮ ವಿಭಾಗದ ಯಂತ್ರಗಳನ್ನು ನೋಡಿಕೊಳ್ಳುವುದಕ್ಕಾಗಿ ಸಿಎಫ್‌ಎಂಜಿನ್ ಎಂಬುದನ್ನು ರಚಿಸಿದರು. ಆ ಮೇಲೆ ೨೦೦೫ರಲ್ಲಿ ಪಪೆಟ್, ೨೦೦೯ರಲ್ಲಿ ಷೆಫ್, ೨೦೧೧ರಲ್ಲಿ ಸಾಲ್ಟ್, ೨೦೧೨ರಲ್ಲಿ ಆನ್ಸಿಬಲ್ ಎಂಬವು ಬಂದವು. ಇವುಗಳ ನಡತೆಯಲ್ಲಿ ಭೇದವಿದ್ದರೂ ತತ್ತ್ವವು ಒಂದೇ: ಮಾಡಬೇಕಾದ ಕೆಲಸವನ್ನು ಬರೆಯದೆ, ಇರಬೇಕಾದ ಸ್ಥಿತಿಯನ್ನು ಬರೆಯುವುದು.

ಈ ಮಾತನ್ನು ಸ್ವಲ್ಪ ವಿವರಿಸುವೆವು. ಬಚ್ಚಲಿನ ಹಂಡೆಯನ್ನು ತುಂಬಿಸಬೇಕಾಗಿದೆಯೆನ್ನಿರಿ. "ಹಂಡೆಗೆ ನಾಲ್ಕು ಕೊಡ ನೀರು ಹೊಯ್ಯಿ" ಎಂದು ಹೇಳಿದರೆ ಅದು ಕೆಲಸದ ಆಜ್ಞೆ. ಇದನ್ನು ಎರಡು ಸಲ ಹೇಳಿದರೆ ನೀರು ಚೆಲ್ಲಿಹೋಗುವುದು. ಅರ್ಧ ತುಂಬಿದ್ದ ಹಂಡೆಯಾದರೂ ಚೆಲ್ಲುವುದು. "ಹಂಡೆಯಲ್ಲಿ ನೀರು ಕಂಠದ ತನಕ ಇರಬೇಕು" ಎಂದರೆ ಅದು ಸ್ಥಿತಿಯ ವಿವರಣೆ. ಖಾಲಿಯಿದ್ದರೆ ತುಂಬಿಸುವರು, ಅರ್ಧವಿದ್ದರೆ ಉಳಿದುದನ್ನು ಹೊಯ್ಯುವರು, ತುಂಬಿದ್ದರೆ ಸುಮ್ಮನಿರುವರು. ಹತ್ತು ಸಲ ಹೇಳಿದರೂ ಕೆಡುಕಿಲ್ಲ. ಸರ್ವರ್‌ಗಳ ಪಾಲಕಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಕೆಲಸವು ಅರ್ಧಕ್ಕೆ ನಿಂತರೆ ಎಲ್ಲಿ ನಿಂತಿತೆಂದು ಹುಡುಕದೆ ಮೊದಲಿನಿಂದ ಪುನಃ ನಡೆಸಬಹುದು.

ಆನ್ಸಿಬಲ್ ಎಂಬುದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರಲ್ಲಿ ಮುಖ್ಯವಾಗಿ ಎರಡು ಬರಹಗಳು. ಒಂದು ಯಂತ್ರಗಳ ಪಟ್ಟಿ; ಅದಕ್ಕೆ ಇನ್ವೆಂಟರಿ ಎನ್ನುವರು. ಇನ್ನೊಂದು ಇರಬೇಕಾದ ಸ್ಥಿತಿಯ ಪುಸ್ತಕ. ಅದಕ್ಕೆ ಪ್ಲೇಬುಕ್ ಎನ್ನುವರು. ಪ್ಲೇಬುಕ್ಕಿನ ಮಾತುಗಳನ್ನು ಕನ್ನಡದಲ್ಲಿ ಬರೆದರೆ ಹೀಗಿರುವುದು:

ಯಂತ್ರಗಳು: ವೆಬ್ ಗುಂಪಿನವೆಲ್ಲವು.
ಎಂಜಿನ್‌ಎಕ್ಸ್ ಎಂಬ ಪ್ಯಾಕೇಜು: ಇರತಕ್ಕದ್ದು.
ಟೆಲ್ನೆಟ್ ಸರ್ವರ್ ಎಂಬ ಪ್ಯಾಕೇಜು: ಇರತಕ್ಕದ್ದಲ್ಲ.
ಎಂಜಿನ್‌ಎಕ್ಸ್ ಸೇವೆ: ನಡೆಯುತ್ತಿರತಕ್ಕದ್ದು.
ಎಂಜಿನ್‌ಎಕ್ಸಿನ ಏರ್ಪಾಡು ಬದಲಾದರೆ ಮಾತ್ರ: ಸೇವೆಯನ್ನು ಮರಳಿ ಆರಂಭಿಸತಕ್ಕದ್ದು.

ಎಂಜಿನ್‌ಎಕ್ಸ್ ಎಂಬುದು ಜಾಲತಾಣಗಳನ್ನು ಒದಗಿಸುವ ಪ್ಯಾಕೇಜು. ಟೆಲ್ನೆಟ್ ಎಂಬುದು ಗುಪ್ತಪದವನ್ನು ಮರೆಮಾಡದೆ ಕಳುಹಿಸುವ ಹಳೆಯ ಅಪಾಯಕರ ವಿಧಾನ. ಆನ್ಸಿಬಲ್ ಈ ಪುಸ್ತಕವನ್ನು ಹಿಡಿದುಕೊಂಡು, ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಮಾರ್ಗದಿಂದ ಪಟ್ಟಿಯಲ್ಲಿರುವ ಯಂತ್ರಗಳಿಗೆಲ್ಲ ಹೋಗಿ, ಸ್ಥಿತಿಯನ್ನು ನೋಡಿ, ಹೆಚ್ಚುಕಡಿಮೆಯಿದ್ದಲ್ಲಿ ಸರಿಪಡಿಸುವುದು. ಕೊನೆಗೆ ಯಂತ್ರವಾರಾಗಿ ಲೆಕ್ಕ ಒಪ್ಪಿಸುವುದು: ಇಷ್ಟು ಸಂಗತಿಗಳು ಮೊದಲೇ ಸರಿಯಾಗಿದ್ದವು, ಇಷ್ಟು ಬದಲಾದವು, ಇಷ್ಟು ಕೆಟ್ಟವು, ಈ ಯಂತ್ರವನ್ನು ತಲುಪಲಾಗಲಿಲ್ಲ. ಈ ಕೊನೆಯ ಮಾತು ಅತ್ಯಂತ ಬೆಲೆಯುಳ್ಳದ್ದು. ಬಿಟ್ಟುಹೋದ ಎಂಟನೆಯ ಯಂತ್ರವನ್ನು ಬೆರಳಿಟ್ಟು ತೋರಿಸುವುದು ಅದೇ. ಪಪೆಟಿನ ಪದ್ಧತಿ ಬೇರೆ. ಅಲ್ಲಿ ಪ್ರತಿ ಸರ್ವರಿನಲ್ಲಿಯೂ ಒಬ್ಬ ದೂತನಿರುವನು. ಬೇರೆ ರೀತಿ ಹೇಳದಿದ್ದರೆ ಅವನು ೩೦ ನಿಮಿಷಗಳಿಗೊಮ್ಮೆ ಕೇಂದ್ರವನ್ನು ಕೇಳಿ ತನ್ನ ಯಂತ್ರವನ್ನು ಸರಿಪಡಿಸಿಕೊಳ್ಳುವನು.

೫. ಎಚ್ಚರವಿರಬೇಕಾದ ಸ್ಥಳಗಳು

ಹೊಸಬರು ತಪ್ಪುವ ಕೆಲವು ಸ್ಥಳಗಳನ್ನು ಇಲ್ಲಿ ಹೇಳುವುದು ಯುಕ್ತ.

ಮೊದಲನೆಯದು, ಪುಸ್ತಕದಿಂದ ಒಂದು ಸಾಲನ್ನು ಅಳಿಸಿದರೆ ಯಂತ್ರದಿಂದ ಆ ಪ್ಯಾಕೇಜು ಹೋಗುವುದಿಲ್ಲ. ಪುಸ್ತಕವು ಹೇಳದ ವಿಷಯದಲ್ಲಿ ಸಲಕರಣೆಯು ಮೌನವಾಗಿರುವುದು. ತೆಗೆಯಬೇಕಾದರೆ "ಇರತಕ್ಕದ್ದಲ್ಲ" ಎಂದೇ ಬರೆಯಬೇಕು.

ಎರಡನೆಯದು, ಅವಸರದಲ್ಲಿ ಸರ್ವರಿನೊಳಗೆ ಹೋಗಿ ಕೈಯಿಂದ ತಿದ್ದಿದ್ದು ಉಳಿಯುವುದಿಲ್ಲ. ಪುಸ್ತಕದಲ್ಲಿ ಹೇಳಿರುವ ವಿಷಯವಾದರೆ ಮುಂದಿನ ಸರದಿಯಲ್ಲಿ ಸಲಕರಣೆಯು ಅದನ್ನು ಅಳಿಸಿ ಹಳೆಯದನ್ನೇ ನಿಲ್ಲಿಸುವುದು. ಆದಕಾರಣ ಯಾವ ತಿದ್ದುಪಾಟನ್ನಾದರೂ ಪುಸ್ತಕದಲ್ಲಿಯೇ ಮಾಡತಕ್ಕದ್ದು.

ಮೂರನೆಯದು, ಆವೃತ್ತಿಯ ಪ್ರಶ್ನೆ. "ಇರತಕ್ಕದ್ದು" ಎಂದಷ್ಟೇ ಬರೆದರೆ ಹಳೆಯ ದೋಷವುಳ್ಳ ಆವೃತ್ತಿಯಿದ್ದರೂ ಸಲಕರಣೆಯು ತೃಪ್ತಿಪಡುವುದು. "ಅತಿ ಹೊಸದು ಇರತಕ್ಕದ್ದು" ಎಂದು ಬರೆದರೆ ನಾವು ನೋಡಿರದ ಪ್ಯಾಕೇಜು ಯಾವ ದಿನವಾದರೂ ಒಳಗೆ ಬರುವುದು. ೨೦೨೪ರ ಮಾರ್ಚಿಯಲ್ಲಿ ಎಕ್ಸ್‌ಜೆಡ್ ಎಂಬ ಪ್ಯಾಕೇಜಿನ ೫.೬.೦ ಮತ್ತು ೫.೬.೧ ಎಂಬ ಹೊಸ ಆವೃತ್ತಿಗಳಲ್ಲಿಯೇ ಯಾರೋ ಕಳ್ಳಬಾಗಿಲನ್ನು ಅಡಗಿಸಿದ್ದುದು ಪತ್ತೆಯಾಯಿತು. ಯಂತ್ರದೊಳಗೆ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಹೆಚ್ಚಾಗಿ ತಗಲುವುದೇಕೆಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರು ವಿಚಾರಿಸಿದ್ದರಿಂದ ಅದು ಬೈಲಿಗೆ ಬಂತು. ಹೊಸದಕ್ಕೆ ಅವಸರಪಡದೆ ಇದ್ದ ಡೆಬಿಯನಿನ ಸ್ಥಿರ ಆವೃತ್ತಿಗೆ ಅದು ತಟ್ಟಲಿಲ್ಲ. ಹಾಗಾದರೆ ಮಾಡತಕ್ಕದ್ದೇನು? ಪರೀಕ್ಷಿಸಿ ನೋಡಿದ ಆವೃತ್ತಿಯನ್ನು ಸಂಖ್ಯೆಸಹಿತವಾಗಿ ಬರೆದಿಡಬೇಕು. ದೋಷದ ಸುದ್ದಿ ಬಂದೊಡನೆ ಆ ಸಂಖ್ಯೆಯನ್ನು ಬದಲಾಯಿಸಬೇಕು. ಸಂಖ್ಯೆಯನ್ನು ಬರೆದು ಮರೆತುಬಿಡುವವಳಿಗೆ ಈ ಉಪಾಯದಿಂದಲೂ ಪ್ರಯೋಜನವಿಲ್ಲ.

ನಾಲ್ಕನೆಯದು, ಗುಪ್ತಪದಗಳನ್ನು ಪುಸ್ತಕದಲ್ಲಿ ಬಯಲಾಗಿ ಬರೆಯಬಾರದು. ಅವನ್ನು ಗೂಢಲಿಪಿಯಲ್ಲಿಡುವುದಕ್ಕೆ ಆನ್ಸಿಬಲ್‌ನಲ್ಲಿ ವಾಲ್ಟ್ ಎಂಬ ಏರ್ಪಾಡಿದೆ.

೬. ಶಕ್ತಿಗೆ ತಕ್ಕ ಸಂಯಮ

ಇಷ್ಟರಲ್ಲಿ ಬುದ್ಧಿವಂತರಾದ ವಾಚಕರಿಗೆ ಒಂದು ಸಂದೇಹ ಬಂದಿರಬಹುದು. ಸರಿಯಾದ ಮಾತು ಒಂದೇ ಸಲಕ್ಕೆ ಸಾವಿರ ಯಂತ್ರಗಳಿಗೆ ಹೋಗುವುದಾದರೆ, ತಪ್ಪಾದ ಮಾತೂ ಹೋಗಲಾರದೇ? ನಿಶ್ಚಯವಾಗಿ ಹೋಗುವುದು. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯು ತನ್ನ ರಕ್ಷಣಾ ಸಾಫ್ಟ್‌ವೇರಿಗೆ ಕಳುಹಿಸಿದ ಒಂದು ದೋಷಯುಕ್ತ ಕಡತವು ವಿಂಡೋಸ್ ಯಂತ್ರಗಳನ್ನು ತಟಸ್ಥಗೊಳಿಸಿತು. ಆ ಕಡತವನ್ನು ಸುಮಾರು ೭೮ ನಿಮಿಷಗಳಲ್ಲಿ ಹಿಂದಕ್ಕೆ ತೆಗೆದುಕೊಂಡರೂ, ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ ೮೫ ಲಕ್ಷ ಯಂತ್ರಗಳು ಆ ಹೊತ್ತಿಗೆ ಕೆಟ್ಟಿದ್ದವು. ಪರದೇಶಗಳಲ್ಲಿ ಆಸ್ಪತ್ರೆಗಳು ಕೆಲವು ಚಿಕಿತ್ಸೆಗಳನ್ನು ಮುಂದೂಡಿದವು, ವಿಮಾನಗಳು ನಿಂತವು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಸಹ ಪ್ರಯಾಣಿಕರಿಗೆ ಕೈಯಿಂದ ಬರೆದ ಬೋರ್ಡಿಂಗ್ ಪಾಸುಗಳನ್ನು ಕೊಟ್ಟರು. ಆ ಸಂಸ್ಥೆಯ ಏರ್ಪಾಡು ನಾವು ಹೇಳಿದ ಸಲಕರಣೆಗಳ ಜಾತಿಯದಲ್ಲ; ಆದರೂ ಎಲ್ಲರಿಗೂ ಒಂದೇ ಸಲಕ್ಕೆ ಕಳುಹಿಸುವವರೆಲ್ಲರಿಗೆ ಅದು ಪಾಠವಾಗಿದೆ.

ಈ ಅಪಾಯವನ್ನು ತಡೆಯಲು ಅನುಭವಸ್ಥರು ಕೆಲವು ನಿಯಮಗಳನ್ನು ಪಾಲಿಸುತ್ತಾರೆ. ಪುಸ್ತಕದ ಪ್ರತಿಯೊಂದು ಬದಲಾವಣೆಯನ್ನೂ ಗಿಟ್ ಎಂಬ ದಾಖಲೆಯಲ್ಲಿಟ್ಟು, ಯಾರು, ಎಂದು, ಏಕೆ ಬದಲಾಯಿಸಿದರೆಂದು ಬರೆಯುವರು. ಎರಡನೆಯವರೊಬ್ಬರು ಓದಿ ಒಪ್ಪುವ ತನಕ ಅದನ್ನು ನಡೆಸುವುದಿಲ್ಲ. ಬಳಿಕ ಏನನ್ನೂ ಬದಲಾಯಿಸದೆ, ಬದಲಾಯಿಸಿದರೆ ಏನಾದೀತೆಂದು ಮಾತ್ರ ಹೇಳುವ ಪರೀಕ್ಷಾ ನಡಿಗೆಯನ್ನು ಮಾಡಿಸುವರು. ಆ ಮೇಲೆ ಮೊದಲು ಒಂದು ಸರ್ವರಿನಲ್ಲಿ, ಅದು ಸರಿಯಿದ್ದರೆ ಐದರಲ್ಲಿ, ತರುವಾಯ ಉಳಿದವುಗಳಲ್ಲಿ ಗುಂಪುಗುಂಪಾಗಿ ನಡೆಸುವರು. ಮೊದಲಿನ ಗುಂಪು ಕೆಟ್ಟರೆ ಸಲಕರಣೆಯು ಅಲ್ಲಿಗೇ ನಿಲ್ಲುವಂತೆ ಏರ್ಪಡಿಸುವರು. ಕೊನೆಯದಾಗಿ, ಹಿಂದಿರುಗುವ ದಾರಿಯನ್ನು ಹೊರಡುವ ಮೊದಲೇ ಬರೆದಿಡುವರು. ಅನ್ನ ಬೆಂದಿತೋ ಎಂದು ಒಂದು ಅಗುಳನ್ನು ಹಿಸುಕಿ ನೋಡುವ ನಮ್ಮ ಅಡಿಗೆಮನೆಯ ವಿವೇಕವೇ ಇದು.

೭. ಸಮಾಪ್ತಿ

ಒಂದೆರಡು ಸರ್ವರ್‌ಗಳನ್ನು ಮಾತ್ರ ನೋಡಿಕೊಳ್ಳುವವಳಿಗೆ ಇಷ್ಟೆಲ್ಲ ಬೇಕೇ ಎಂದರೆ, ಮೊದಲ ವಾರದಲ್ಲಿ ಇದು ಹೆಚ್ಚಿನ ಶ್ರಮವಾಗಿಯೇ ತೋರುವುದು. ಆದರೆ ಯಂತ್ರವು ಕೆಟ್ಟು ಹೊಸದನ್ನು ತಂದ ದಿನ, ಹಳೆಯದರಲ್ಲಿ ಏನೇನಿತ್ತೆಂದು ನೆನಪಿನಿಂದ ಹುಡುಕುವವಳಿಗೂ ಪುಸ್ತಕವನ್ನು ತೆರೆದು ನಡೆಸುವವಳಿಗೂ ಇರುವ ಭೇದ ತಿಳಿಯುವುದು. ಅಲ್ಲದೆ ಒಬ್ಬಳ ತಲೆಯಲ್ಲಿ ಮಾತ್ರವಿದ್ದ ತಿಳಿವಳಿಕೆಯು ಆಕೆ ರಜೆಯ ಮೇಲೆ ಹೋದಾಗ ಯಾರಿಗೂ ದೊರೆಯುವುದಿಲ್ಲ. ಬರೆದಿಟ್ಟದ್ದು ಮುಂದೆ ಬರುವವಳಿಗೂ ದೊರೆಯುವುದು.

ಈ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನಾವು ಹೇಳುವುದಿಷ್ಟೇ: ತಮ್ಮ ನೆನಪು ಎಷ್ಟೇ ಒಳ್ಳೆಯದಾಗಿದ್ದರೂ ಅದರ ಮೇಲೆ ಸಾವಿರಾರು ಜನರ ಹಣವನ್ನೂ ಗುಟ್ಟನ್ನೂ ನಿಲ್ಲಿಸಬೇಡಿರಿ. ಇರಬೇಕಾದುದನ್ನು ಬರೆಯಿರಿ, ಮತ್ತೊಬ್ಬರಿಗೆ ತೋರಿಸಿರಿ, ಒಂದರಲ್ಲಿ ನೋಡಿ ಎಲ್ಲದರಲ್ಲಿ ಮಾಡಿರಿ. ತಮ್ಮ ಕೈಕೆಳಗಿನವರಿಂದ ಯಂತ್ರವೊಂದು ಬಿಟ್ಟುಹೋದರೆ, ಅವರನ್ನು ಗದರಿಸುವ ಮೊದಲು ಪಟ್ಟಿಯನ್ನು ತೆರೆದು ನೋಡಿರಿ.

ಮಾತಾಪಿತೃಗಳಿಗೆ ಹೇಳುವುದೇನೆಂದರೆ, ನಡುರಾತ್ರಿಯಲ್ಲಿ ಎದ್ದು ಕೂತ ಮಗಳು ನಿರರ್ಥಕವಾದ ಕೆಲಸದಲ್ಲಿರುವಳೆಂದು ಎಣಿಸಬಾರದು. ತಾವು ಬೆಳಿಗ್ಗೆ ಎದ್ದು ಬ್ಯಾಂಕಿನ ಲೆಕ್ಕವನ್ನು ನೋಡುವಾಗ ಅದು ನೆಟ್ಟಗಿರುವುದಕ್ಕೆ ಅಂಥವಳೊಬ್ಬಳು ಎಚ್ಚತ್ತಿದ್ದುದೇ ಕಾರಣವಾಗಿರಬಹುದು. ಆಕೆ ಮನೆಗೆ ಬಂದಾಗ, "ಸರ್ವರ್‌ಗಳ ಪಟ್ಟಿ ಸರಿಯಾಗಿದೆಯೇ, ಮಗಳೇ? ಎಲ್ಲವನ್ನೂ ಬರೆದಿಟ್ಟಿದ್ದೀಯಾ?" ಎಂದು ಕೇಳಿರಿ. ಆಕೆ ಆಶ್ಚರ್ಯಪಟ್ಟು ನಗುವಳು. ಆಮೇಲೆ ತನ್ನ ಕೆಲಸದ ವಿಷಯವನ್ನು ತಾನಾಗಿಯೇ ಹೇಳತೊಡಗುವಳು.